ರಿಮೋಟ್ ಟ್ರೈನರ್ ವಿಮಾನ, ಮೂರು ಬೇಸಿಗೆಯ ನಂತರ: ಬಾಲದ ಬಗ್ಗೆಯೇ ಹೇಳಬೇಕು

ಕೊಡಗಿನ ನಾಪೋಕ್ಲು ಕಡೆಯ ಗದ್ದೆಬಯಲಿನಲ್ಲಿ, ಹಾರಿಸಲು ಕಲಿಯುವವರಿಗೆಂದೇ ಇರುವ 1.4 ಮೀಟರ್ ರೆಕ್ಕೆಯ ಈ ಫೋಮ್ ವಿಮಾನವನ್ನು ಮೂರು ಬೇಸಿಗೆ ಹಾರಿಸಿದ್ದೇನೆ. ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆಯೇ ನಮಗೆ ರನ್‌ವೇ ಸಿಗುವುದು. ಮೋಟಾರ್, ರೆಕ್ಕೆ ಚೆನ್ನಾಗಿವೆ, ದೂರಿಲ್ಲ.

ಬಾಲವನ್ನು ಜೋಡಿಸುವುದು ನಾವೇ, ಎರಡೇ ಸ್ಕ್ರೂ. ಕೈಪಿಡಿಯಲ್ಲಿ ‘ಬಿಗಿ ಮಾಡಿ’ ಎಂದಷ್ಟೇ ಇದೆ. ಹಾಗೇ ಮಾಡಿದೆ. ಮೊದಲ ದಿನವೇ ಎಡಕ್ಕೆ ಎಳೆಯುತ್ತಾ ಹೋಗಿ ತೋಟದಂಚಿನ ಸಿಲ್ವರ್ ಓಕ್‌ಗೆ ಸಿಕ್ಕಿಕೊಂಡಿತು. ಇಳಿಸಿ ನೋಡಿದರೆ ಫಿನ್, ಅಂದರೆ ಬಾಲದ ನೆಟ್ಟಗಿನ ರೆಕ್ಕೆ, ಕೂದಲೆಳೆಯಷ್ಟು ಓರೆ! ಈಗ ಮೂತಿಯಿಂದ ಸ್ಟೆಬಿಲೈಸರ್‌ನ (ಬಾಲದ ಅಡ್ಡರೆಕ್ಕೆಯ) ಎರಡೂ ತುದಿಗೆ ದಾರ ಹಿಡಿದು, ಅಳತೆ ಸಮವಾಗುವವರೆಗೆ ಸ್ಕ್ರೂ ಮುಟ್ಟುವುದಿಲ್ಲ.

ಇಷ್ಟು ಚಿಕ್ಕ ಬಾಲ ಇಷ್ಟು ಕೆಲಸ ಮಾಡುವುದು ಅದು ದೂರದಲ್ಲಿರುವುದರಿಂದ. ಹಾರೆಯ ತುದಿ ಹಿಡಿದರೆ ಕಲ್ಲು ಸುಲಭವಾಗಿ ಏಳುತ್ತದಲ್ಲ, ಹಾಗೆ. ಈ ವಿಮಾನದಲ್ಲಿ ರೆಕ್ಕೆಯ ಎತ್ತುಬಲ ತೂಕದ ಕೇಂದ್ರಕ್ಕಿಂತ ತುಸು ಹಿಂದೆ ಬೀಳುತ್ತದೆ, ಮೂತಿ ಬಗ್ಗಲು ನೋಡುತ್ತದೆ. ಸ್ಟೆಬಿಲೈಸರ್ ಬಾಲವನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಅದನ್ನು ಸರಿದೂಗಿಸುತ್ತದೆ. ಒಮ್ಮೆ ದೊಡ್ಡ ಬ್ಯಾಟರಿ ಹಿಡಿಸಲೆಂದು ಅದನ್ನು ಎರಡು ಸೆಂಟಿಮೀಟರ್ ಹಿಂದೆ ಸರಿಸಿದೆ, ತೂಕದ ಕೇಂದ್ರವೂ ಹಿಂದೆ ಹೋಯಿತು. ಎಲಿವೇಟರ್ (ಸ್ಟೆಬಿಲೈಸರ್‌ನ ಹಿಂದಂಚಿನಲ್ಲಿದ್ದು ಮೂತಿ ಏರಿಳಿಸುವ ಪಟ್ಟಿ) ನಡೆಸುವ ರಿಮೋಟಿನ ಕಡ್ಡಿ ತಾಗಿದರೆ ಸಾಕು, ಮೂತಿ ಆಕಾಶಕ್ಕೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮಳೆಗಾಲದಲ್ಲಿ ಬಾಲದ ತಂತಿಗಳಿಗೆ ತುಕ್ಕು ಹಿಡಿಯಿತು. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಸ್ಟೆಬಿಲೈಸರ್ ಬಾಗಿತು. ಬಿಸಿನೀರು ಹೊಯ್ದು ಸಪಾಟು ಹಲಗೆಯ ಮೇಲೆ ಒತ್ತಿ ನೇರ ಮಾಡಿದೆ.

ದೊಡ್ಡ ಕೊರತೆ ಬೇರೆ ಇದೆ. ಸ್ಟೆಬಿಲೈಸರ್ ತಗ್ಗಿನಲ್ಲಿರುವುದರಿಂದ ಇಳಿಯುವಾಗ ಪ್ರತಿ ಸಲ ಕೂಳೆಗೆ ತಾಗುತ್ತದೆ. ಸ್ಟೆಬಿಲೈಸರ್ ಫಿನ್‌ನ ತುದಿಯಲ್ಲಿ ಕೂರುವ ಟಿ ಆಕಾರದ ಬಾಲವಿದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. 1965ರ ಯುದ್ಧದಲ್ಲಿ ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ ತಮ್ಮ ಮಿಸ್ಟೇರ್ ಯುದ್ಧವಿಮಾನದಲ್ಲಿ ಎದುರಿಸಿ ಉರುಳಿಸಿದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನಕ್ಕೆ ಅಂಥ ಬಾಲವೇ ಇತ್ತು. ಆದರೆ ಸ್ಟೆಬಿಲೈಸರ್ ಮೇಲೇರಿದರೆ ಅದರ ಭಾರವೆಲ್ಲ ಫಿನ್‌ನ ಬುಡಕ್ಕೆ, ಈ ಫೋಮ್ ತಡೆಯದು. ಮೂತಿ ತೀರಾ ಎತ್ತಿದಾಗ ರೆಕ್ಕೆಯ ಹಿಂದಿನ ಕದಡಿದ ಗಾಳಿಯೊಳಗೆ ಆ ಬಾಲ ಮುಳುಗಿ, ಎಲಿವೇಟರ್ ಕೆಲಸಕ್ಕೆ ಬಾರದೆ ಹೋಗುವ ಅಪಾಯವೂ ಇದೆ. ಕಲಿಯುವವರಿಗೆ ಇದೇ ಬಾಲ ಸರಿ.

ಕೊಳ್ಳುವವರು ಜೊತೆಗೇ ಒಂದು ಬಿಡಿ ಬಾಲ ತರಿಸಿಕೊಳ್ಳಿ. ನಾನು ಸ್ಟೆಬಿಲೈಸರ್‌ನ ತಳದಲ್ಲಿ ಗೀರು ಕೊರೆದು ತೆಳ್ಳಗಿನ ಕಾರ್ಬನ್ ಕಡ್ಡಿ ಅಂಟಿಸಿದ್ದೇನೆ. ಆಮೇಲೆ ಕೂಳೆಗೆ ತಾಗಿದರೂ ಬಾಲ ಮುರಿದಿಲ್ಲ.