ಬೇಸ್ ಬೇಕಾದೋರು ತಗೋಬ್ಯಾಡ್ರಿ, ಕೋರಸ್ ಕೇಳೋರು ಕಣ್ಮುಚ್ಚಿ ತಗೊಳ್ರಿ

ಮೊದ್ಲೇ ಹೇಳ್ಬಿಡ್ತೀನಿ, ಇದು ತಂತಿ ಇರೋ ಹೆಡ್‌ಫೋನು, ಬ್ಲೂಟೂತ್ ಇಲ್ಲ, ಮೈಕ್ ಇಲ್ಲ, ಬೇಸ್ ಬೂಸ್ಟ್ ಗೀಸ್ಟ್ ಏನೂ ಇಲ್ಲ. ದಾವಣಗೆರೆ ಮಂಡಿಪೇಟೆ ಅಂಗಡಿ ಹುಡುಗ "ಅಣ್ಣಾ ಇದ್ರಾಗೆ ಬೇಸ್ ಬರಲ್ಲ, ಆಮೇಲೆ ವಾಪಸ್ ತರ್ಬ್ಯಾಡ್ರಿ" ಅಂತ ಹೇಳಿನೇ ಬಿಲ್ ಹಾಕಿದ. ಅವನು ಹೇಳಿದ್ದು ಸುಳ್ಳಲ್ಲ, ಡಿಜೆ ಹಾಡು ಹಾಕಿದ್ರೆ ಖಾಲಿ ಡಬ್ಬ ಬಡಿದಂಗೆ ಕೇಳ್ಸುತ್ತೆ. ಆದ್ರೆ ನಾನು ತಗೊಂಡಿದ್ದು ರಿನೈಸಾನ್ಸ್ ಕಾಲದ ಯುರೋಪ್ ಸಂಗೀತ ಕೇಳೋಕೆ, ಅಂದ್ರೆ ಸುಮಾರು 1450ರಿಂದ 1600ರ ಆಸುಪಾಸಿನದು. ಅದ್ರಾಗೆ ಚರ್ಚ್ ಹಾಡುಗಳೇ ಜಾಸ್ತಿ. ನಾನು ಕೇಳೋ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ ಇಲ್ಲ, ವಾದ್ಯನೂ ಇಲ್ಲ, ಬರೀ ಕಂಠ.

ನಮ್ಮ ಕಡೆ ಒಬ್ಬರು ಹಾಡ್ತಾರೆ, ಹಿಂದೆ ತಂಬೂರಿ ಶ್ರುತಿ ಹಿಡೀತೈತೆ. ಇಲ್ಲಿ ಹಂಗಲ್ಲ, ನಾಲ್ಕೋ ಐದೋ ದನಿ ಒಂದೇ ಹೊತ್ತಿಗೆ ಬೇರೆಬೇರೆ ಸಾಲು ಹಾಡ್ತಾವೆ, ಯಾವುದೂ ಇನ್ನೊಂದಕ್ಕೆ ಸಾಥ್ ಅಲ್ಲ, ಎಲ್ಲಾವೂ ಮುಖ್ಯ. ಹಿಂಗಾಗಿ ಬೇಸ್ ಏರಿಸಿರೋ ಇಯರ್‌ಬಡ್ ಹಾಕ್ಕೊಂಡ್ರೆ ತಳದ ದನಿ ಊದ್ಕೊಂಡು ನಡುವಿನ ಟೆನರ್ ಅನ್ನೋ ಗಂಡು ದನಿ ಸತ್ತೇಹೋಗುತ್ತೆ, ಆಮೇಲೆ ಎಲ್ಲಾ ಸೇರಿ ಒಂದೇ ಗುಂಯ್ ಅನ್ನೋದು. ಆ ಗುಂಯ್ ಕೇಳಿದೋರೇ ಇದನ್ನ "ನಿದ್ದೆ ಮ್ಯೂಸಿಕ್" ಅಂತ ಪ್ಲೇಲಿಸ್ಟ್ ಮಾಡಿ ಹಾಕಿರ್ತಾರೆ, ನಂಗೆ ಅದನ್ನ ಕಂಡ್ರೆ ಮೈ ಉರೀತೈತೆ.

ಟೆಸ್ಟ್ ಮಾಡೋರಿಗೆ ಆ ಕಾಲದ ಸಂಗೀತ ರಚನಕಾರ ಜೊಸ್ಕಿನ್ ಡೆ ಪ್ರೇ ಅವರ 'ಆವೆ ಮರಿಯಾ... ವಿರ್ಗೋ ಸೆರೇನಾ' ಸಾಕು. ನಾಲ್ಕೇ ದನಿ. ಮೇಲಿನ ದನಿ ಒಂದು ಸಾಲು ಹೇಳುತ್ತೆ, ಅದನ್ನೇ ಕೆಳಗಿನದು ಎತ್ಕೊಳ್ಳುತ್ತೆ, ಆಮೇಲೆ ಅದರ ಕೆಳಗಿನದು, ಹಂಗೇ ತಳದವರೆಗೆ. ಈ ಹೆಡ್‌ಫೋನ್‌ನಾಗೆ ಯಾವ ದನಿ ಯಾವಾಗ ಒಳಗೆ ಬಂತು ಅಂತ ಬೆರಳು ಮಡಚಿ ಎಣಿಸ್ಬಹುದು. ವೆನಿಸ್‌ನಲ್ಲಿ ಪೆಟ್ರುಚಿ ಅನ್ನೋನು 1501ರಲ್ಲಿ ಇಂಥ ಹಲವು ದನಿಯ ಸಂಗೀತನ ಅಚ್ಚಿನ ಮೊಳೆ ಜೋಡಿಸಿ ಪ್ರಿಂಟ್ ಮಾಡೋಕೆ ಶುರು ಮಾಡ್ದ, ಮರುವರ್ಷದ ಅವನ ಪುಸ್ತಕದಾಗೆ ಮೊದಲನೇ ಹಾಡೇ ಇದು. ಹೆಚ್ಚುಕಮ್ಮಿ ಅದೇ ಕಾಲದ ನಮ್ಮ ಪುರಂದರದಾಸರ ಪದಗಳು ಬಾಯಿಂದ ಬಾಯಿಗೆ ಬಂದ್ವು, ಸಾಹಿತ್ಯ ಉಳೀತು, ಅವರು ಹಾಡಿದ ಧಾಟಿ ಮಾತ್ರ ಇದೇ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಜೊಸ್ಕಿನ್ 1521ರಲ್ಲಿ ಸತ್ತ, ಅವನ ನಾಲ್ಕೂ ಸಾಲು ಸ್ವರದ ಸಮೇತ ಇವತ್ತಿಗೂ ಕೈಯಾಗೈತೆ. ನೆನೆಸ್ಕೊಂಡ್ರೆ ಹೊಟ್ಟೆಕಿಚ್ಚಾಗುತ್ತೆ.

ಹೆಡ್‌ಫೋನ್ ಸೋಲೋದು ಥಾಮಸ್ ಟ್ಯಾಲಿಸ್ ಹತ್ರ. ಅವನ 'ಸ್ಪೆಮ್ ಇನ್ ಆಲಿಯಮ್' 40 ದನಿಗೆ ಬರೆದಿದ್ದು, ಐದೈದು ದನಿಯ ಎಂಟು ಗುಂಪು, ಬರೆದಿದ್ದು 1570ರ ಸುಮಾರು ಅಂತಾರೆ, ಅಂದ್ರೆ ಪಕ್ಕದ ಚಿತ್ರದುರ್ಗದಾಗೆ ಮತ್ತಿ ತಿಮ್ಮಣ್ಣ ನಾಯಕನ ಆಳ್ವಿಕೆ ಇದ್ದ ಕಾಲ. ಒಂದು ದನಿಯಿಂದ ಶುರುವಾಗಿ ಗುಂಪಿಂದ ಗುಂಪಿಗೆ ಹಾಯ್ಕೊಂಡು ಹೋಗೋವರೆಗೆ ಚೆನ್ನಾಗೈತೆ, 40ಕ್ಕೆ 40 ಒಟ್ಟಿಗೆ ಬಂದಾಗ ಮಾತ್ರ ಕಲಸಿಹೋಗುತ್ತೆ. ಈ ರೇಟಿಗೆ ಅದನ್ನೂ ಬಿಡಿಸಿ ಕೊಡು ಅಂದ್ರೆ ಅನ್ಯಾಯ.

ಪಾಲೆಸ್ಟ್ರೀನಾ ಬಗ್ಗೆ ಜಾಸ್ತಿ ಬರೆಯಲ್ಲ. 100ಕ್ಕಿಂತ ಜಾಸ್ತಿ ಮಾಸ್ ಬರೆದ ಮನುಷ್ಯ, ಮಾಸ್ ಅಂದ್ರೆ ಚರ್ಚ್ ಪೂಜೆಯ ಐದು ಭಾಗದ ಹಾಡಿನ ಸೆಟ್ಟು. ಫೇಮಸ್ ಆಗಿರೋದು 'ಮಿಸ್ಸಾ ಪಾಪೆ ಮಾರ್ಚೆಲ್ಲಿ', 1567ರಲ್ಲಿ ಪ್ರಿಂಟ್ ಆಗಿದ್ದು, ಯಾವ ಪೋಪ್ ಹೆಸರು ಇಟ್ಟಿದ್ದಾನೋ ಆ ಎರಡನೇ ಮಾರ್ಸೆಲಸ್ 1555ರಲ್ಲಿ ಪೀಠಕ್ಕೆ ಬಂದು ಮೂರು ವಾರಕ್ಕೇ ತೀರ್ಕೊಂಡ. ಈ ಒಂದು ಮಾಸೇ ಚರ್ಚ್ ಸಂಗೀತನ ನಿಷೇಧದಿಂದ ಕಾಪಾಡ್ತು ಅಂತ ಒಂದು ಕಥೆ ಓಡಾಡುತ್ತೆ, ಅದು ಆಮೇಲೆ ಕಟ್ಟಿದ್ದು. ಆರು ದನಿ ಇದ್ರೂ ಒಂದೊಂದು ಅಕ್ಷರ ಸ್ಪಷ್ಟ, ಅಷ್ಟು ನೀಟು. ನಂಗೆ ಆ ನೀಟೇ ಸ್ವಲ್ಪ ಹೊತ್ತಿಗೆ ಬೋರು.

ಇದ್ರಾಗೆ ಕೇಳ್ಲೇಬೇಕಾದ್ದು ಅಂದ್ರೆ ವಿಲಿಯಂ ಬರ್ಡ್. ಇಂಗ್ಲೆಂಡ್‌ನಾಗೆ ಕ್ಯಾಥೊಲಿಕ್ ಪೂಜೆ ಮಾಡೋದೇ ಅಪರಾಧ ಆಗಿದ್ದ ಕಾಲ, ಈ ಮನುಷ್ಯ ರಾಣಿ ಎಲಿಜಬೆತ್ ಚಾಪೆಲ್‌ನಾಗೆ, ಅಂದ್ರೆ ಅರಮನೆ ಚರ್ಚ್‌ನಾಗೆ, ಕೆಲಸ ಮಾಡ್ಕೊಂಡೇ ಕ್ಯಾಥೊಲಿಕ್ ಆಗಿ ಉಳಿದ, ರಾಣಿ 1575ರಲ್ಲಿ ಅವನಿಗೂ ಟ್ಯಾಲಿಸ್‌ಗೂ ಸೇರಿ 21 ವರ್ಷ ಸಂಗೀತ ಪ್ರಿಂಟ್ ಮಾಡೋ ಹಕ್ಕನ್ನೇ ಕೊಟ್ಟಿದ್ಲು. ಅಂಥವನು 1590ರ ದಶಕದಾಗೆ ಮೂರು, ನಾಲ್ಕು, ಐದು ದನಿಗೆ ಒಂದೊಂದು ಮಾಸ್ ಬರೆದು ಟೈಟಲ್ ಪೇಜ್ ಇಲ್ದಂಗೆ ಪ್ರಿಂಟ್ ಮಾಡಿಸ್ದ. ಬಾಗಿಲು ಹಾಕ್ಕೊಂಡು ಮನೆಯೊಳಗೆ ಕದ್ದು ಹಾಡೋಕೆ ಬರೆದಿದ್ದು, ದೊಡ್ಡ ಚರ್ಚಿನ ಗೂಂಜು ಬೇಕಿಲ್ಲ. ಹಿಂಗಾಗಿ ಅದು ಹೆಡ್‌ಫೋನಿಗೆ ಸರಿಯಾಗಿ ಕೂರುತ್ತೆ. ನಾಲ್ಕು ದನಿ ಮಾಸ್‌ನ ಕೊನೇ ಭಾಗ 'ಆನ್ಯುಸ್ ದೇಯಿ' ಬರೀ ಎರಡು ದನಿಯಿಂದ ಶುರುವಾಗುತ್ತೆ, ಆಮೇಲೆ ಮೂರು, ಕೊನೆಗೆ ನಾಲ್ಕೂ ಸೇರಿ "ಶಾಂತಿ ಕೊಡು" ಅಂತ ಬೇಡ್ತಾವೆ, ಸ್ವರಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಬಿಡಿಸ್ಕೊಳ್ತಾವೆ, ಆ ಉಜ್ಜಾಟ ನನ್ನ ಹಳೇ ಇಯರ್‌ಬಡ್‌ನಾಗೆ ಕೇಳ್ಸಿದ್ದೇ ಇಲ್ಲ. ಬೆಳಿಗ್ಗೆ ಕುಂದವಾಡ ಕೆರೆ ವಾಕಿಂಗ್‌ಗೆ ಇದೇ ಹಾಕ್ಕೊಂಡು ಹೋಗ್ತೀನಿ.

ಜೆಸುವಾಲ್ಡೋ ಕೇಳೋರು ಸ್ವಲ್ಪ ಹುಷಾರು. ಇಟಲಿ ಕಡೆ ದೊಡ್ಡ ಮನೆತನದವನು, 1590ರಲ್ಲಿ ಹೆಂಡ್ತಿನೂ ಅವಳ ಪ್ರಿಯಕರನ್ನೂ ಕೊಂದವನು, 1611ರ 'ಮೋರೋ ಲಾಸ್ಸೋ'ದಾಗೆ ಸ್ವರ ಎಲ್ಲಿಂದ ಎಲ್ಲಿಗೆ ಜಾರುತ್ತೋ ಗೊತ್ತೇ ಆಗಲ್ಲ. ಹೆಡ್‌ಫೋನ್ ಕೆಟ್ಟೈತೆ ಅಂತ ಅಂಗಡಿಗೆ ಓಡ್ಬ್ಯಾಡ್ರಿ, ಹಾಡೇ ಹಂಗೈತೆ.

ಇನ್ನು ಲೋಪ. ಸೌಂಡ್ ಹೊರಗೆ ಸೋರುತ್ತೆ. ರಾತ್ರಿ ಸ್ಪೇನ್‌ನ ಸಂಗೀತ ರಚನಕಾರ ವಿಕ್ಟೋರಿಯಾ ಅವರ 'ಒಫಿಸಿಯುಮ್ ಡಿಫಂಕ್ಟೋರಮ್' ಕೇಳ್ತಾ ಇದ್ರೆ ನಮ್ಮನೆಯವಳು "ಏನ್ರೀ ಯಾರು ಹೋದ್ರು" ಅಂದ್ಲು, ಅದು ನಿಜಕ್ಕೂ ಸ್ಪೇನ್‌ನಾಗೆ ಮರಿಯಾ ಮಹಾರಾಣಿ ತೀರ್ಕೊಂಡಾಗ ಬರೆದು 1605ರಲ್ಲಿ ಪ್ರಿಂಟ್ ಮಾಡಿಸಿದ್ದು, ನಾನು ಬಾಯಿ ಮುಚ್ಕೊಂಡೆ. ಏಪ್ರಿಲ್ ಮೇ ನಮ್ಮೂರ ಬಿಸಿಲಿಗೆ ಕಿವಿ ಪ್ಯಾಡ್ ಬೆವತು ಅಂಟುತ್ತೆ. ವೈರ್ ಬಿಚ್ಚಿ ಬದಲಾಯಿಸೋಕೆ ಬರಲ್ಲ, ಕಿತ್ರೆ ರಿಪೇರಿಯವನೇ ಗತಿ. ಈಗಿನ ಎಷ್ಟೋ ಫೋನ್‌ಗಳಿಗೆ ಜ್ಯಾಕ್ ಇಲ್ಲ, ಡಬ್ಬಿಯಾಗೆ ಅಡಾಪ್ಟರ್ ಕೊಟ್ಟಿಲ್ಲ, ಅಡಾಪ್ಟರ್ ಬೇರೆಯಾಗಿ ತಗೊಳ್ಳೋದಾದ್ರೆ ಅಂಗಡಿಯಲ್ಲೇ ಫೋನಿಗೆ ಚುಚ್ಚಿ ನೋಡಿ ತಗೊಳ್ರಿ. 5ಕ್ಕೆ 4.