ಹಾಟ್ ವೈರ್ ಬೌಂಡರಿ ಲೇಯರ್ ಪ್ರೋಬ್: ಗೋಡೆ ಪಕ್ಕದ ಕೊನೇ ಕಾಲು ಮಿಲಿಮೀಟರ್ ಬಿಟ್ರೆ ಚಿನ್ನ

ವಿಂಡ್ ಟನಲ್ (ಪ್ರಯೋಗಕ್ಕೆ ಗಾಳಿ ಹರಿಸೋ ಸುರಂಗ) ಆಫ್ ಮಾಡಿ, ಗಾಳಿ ಪೂರ್ತಿ ನಿಂತ ಮೇಲೆ ಈ ಪ್ರೋಬನ್ನ ಮೆಲ್ಲಗೆ ಅಲ್ಯೂಮಿನಿಯಂ ಪ್ಲೇಟ್ ಹತ್ರ ಇಳಿಸಿ ನೋಡಿ, ವೋಲ್ಟೇಜ್ ಏರ್ತಾ ಹೋಗತ್ತೆ. ಅಂದ್ರೆ ಗಾಳಿನೇ ಇಲ್ಲದ ಕಡೆ ಗಾಳಿ ಇದೆ ಅನ್ನತ್ತೆ. ಗೋಡೆ (ಅಂದ್ರೆ ಗಾಳಿ ಹರಿಯೋ ಪ್ಲೇಟಿನ ಮೈ) ಹತ್ರದ ಗಾಳಿ ವೇಗ ಅಳೆಯೋಕೆ ಅಂತಾನೇ ಮಾರೋ ಪ್ರೋಬ್ ಇದು, ಆದ್ರೆ ನಮಗೆ ಮಾರಿದವರು ಈ ವಿಷಯದ ಬಗ್ಗೆ ತುಟಿ ಬಿಚ್ಚಲಿಲ್ಲ, ಕೊಟೇಶನ್ನಲ್ಲೂ ಇರಲಿಲ್ಲ, ಮ್ಯಾನ್ಯುಯಲ್ಲಲ್ಲೂ ಎಲ್ಲೋ ಕೊನೇಲಿ ಒಂದು ಸಾಲು. ಕಾಲೇಜು ಲ್ಯಾಬಿಗೆ ಇಷ್ಟು ದುಡ್ಡು ಹಾಕೋರಿಗೆ ಮೊದಲೇ ಗೊತ್ತಿರಲಿ ಅಂತ ಬರೀತಿದೀನಿ.

ಕಾರಣ ಸರಳ. 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿನ ಇನ್ನೂರು ಡಿಗ್ರಿಗಿಂತ ಮೇಲೆ ಬಿಸಿಯಾಗಿ ಇಟ್ಟಿರ್ತಾರೆ, ಗಾಳಿ ಬೀಸಿ ತಣ್ಣಗಾಗೋಕೆ ಹೋದ್ರೆ ಸರ್ಕ್ಯೂಟ್ ಇನ್ನಷ್ಟು ಕರೆಂಟ್ ಕೊಟ್ಟು ಅದೇ ತಾಪಮಾನದಲ್ಲಿ ಹಿಡಿದಿಡತ್ತೆ, ಆ ವೋಲ್ಟೇಜಿಂದ ವೇಗ ಲೆಕ್ಕ ಹಾಕ್ತೀವಿ. ಗೋಡೆ ತೀರಾ ಹತ್ರ ಬಂದಾಗ ಶಾಖ ಗಾಳಿಗಷ್ಟೇ ಅಲ್ಲ, ಲೋಹದ ಪ್ಲೇಟಿಗೂ ಹೋಗತ್ತೆ. ಮೀಟರಿಗೆ ಎರಡೂ ಒಂದೇ. ಹಂಗಾಗಿ ಸೊನ್ನೆ ಕಡೆ ಇಳೀಬೇಕಾದ ಗ್ರಾಫು ಕೊನೇಲಿ ಮೇಲಕ್ಕೆ ಬಾಗತ್ತೆ. ಅಕ್ರಿಲಿಕ್ ಪ್ಲೇಟ್ ಹಾಕಿದ್ರೆ ಈ ಕಾಟ ಕಮ್ಮಿ, ಪೂರ್ತಿ ಹೋಗಲ್ಲ.

ಇದು ಎಷ್ಟು ಚಿಕ್ಕ ಜಾಗ ಅಂತ ಹೇಳ್ಬೇಕು. ಸೆಕೆಂಡಿಗೆ 10 ಮೀಟರ್ ಗಾಳಿ, ಪ್ಲೇಟಿನ ಮುಂಚೂಣಿ ಅಂಚಿಂದ 1 ಮೀಟರ್ ಒಳಗೆ, ಟರ್ಬ್ಯುಲೆಂಟ್ ಬೌಂಡರಿ ಲೇಯರ್, ಅಂದ್ರೆ ಗೋಡೆಯಿಂದಾಗಿ ವೇಗ ಕಮ್ಮಿಯಾಗಿರೋ ಸುಳಿಸುಳಿ ಗಾಳಿಯ ಪದರ, ಸುಮಾರು 25 ಮಿಮೀ ದಪ್ಪ. ಅದರಲ್ಲಿ ಮೊದಲನೇ 1 ಮಿಮೀ ಒಳಗೇ ವೇಗ ಸೊನ್ನೆಯಿಂದ ಹತ್ತಿರತ್ತಿರ 6 ಮೀಟರಿಗೆ ಏರಿಬಿಡತ್ತೆ! ಗೋಡೆಗೆ ಅಂಟಿಕೊಂಡಿರೋ ವಿಸ್ಕಸ್ ಸಬ್‌ಲೇಯರ್, ಅಂದ್ರೆ ವೈ ಪ್ಲಸ್ (ಗೋಡೆಯಿಂದಿರೋ ದೂರನ ಹರಿವಿನದ್ದೇ ಅಳತೆಗೋಲಲ್ಲಿ ಹೇಳೋ ಸಂಖ್ಯೆ) 5ರ ಕೆಳಗಿನ ಭಾಗ, ಬರೀ 0.17 ಮಿಮೀ. ಪ್ರೋಬ್ ಸುಳ್ಳು ಹೇಳೋದು ಅಲ್ಲೇ.

ಪ್ರೋಬ್ ಇಷ್ಟ ಆಗೋಕೆ ಶುರುವಾಗಿದ್ದು ಗೋಡೆ ಎಲ್ಲಿದೆ ಅಂತ ಹುಡುಕೋ ಕೆಲಸದಿಂದ. ತಂತಿ ಪ್ಲೇಟಿಗೆ ತಾಗಿದ್ರೆ ಮುಗೀತು, ತುಂಡಾಗತ್ತೆ, ಹಾಗಾಗಿ ಮುಟ್ಟಿಸಿ ನೋಡೋ ಹಾಗಿಲ್ಲ. ಪ್ಲೇಟನ್ನ ಕನ್ನಡಿ ಥರ ಪಾಲಿಶ್ ಮಾಡಿ, ಪಕ್ಕದಿಂದ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇಟ್ಕೋತೀವಿ, ಪಿಯು ಫಿಸಿಕ್ಸ್ ಲ್ಯಾಬಲ್ಲಿ ಇರತ್ತಲ್ಲ ಅದೇ. ಒಂದು ಕಡೆಯಿಂದ ಸಣ್ಣ ಎಲ್‌ಇಡಿ ಟಾರ್ಚ್ ಬಿಟ್ರೆ ತಂತಿ ಒಂದು ಹೊಳೆಯೋ ಗೆರೆ, ಅದರ ಕೆಳಗೆ ಪ್ಲೇಟೊಳಗೆ ಅದರದ್ದೇ ಪ್ರತಿಬಿಂಬ ಇನ್ನೊಂದು ಗೆರೆ. ಎರಡರ ನಡುವಿನ ದೂರದಲ್ಲಿ ಅರ್ಧ ತಗೊಂಡ್ರೆ ಗೋಡೆಯಿಂದ ತಂತಿಗಿರೋ ದೂರ ಸಿಕ್ತು. ಪ್ರೋಬನ್ನ ಮೇಲೆ ಕೆಳಗೆ ಸರಿಸೋ ಟ್ರಾವರ್ಸ್ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸಿದ್ರೆ ಎರಡೂ ಗೆರೆ ಒಂದನ್ನೊಂದು ನೋಡ್ಕೊಂಡು ಹತ್ರ ಬರ್ತವೆ, ಉಸಿರು ಬಿಗಿಹಿಡಿದು ನೋಡ್ತಾ ಕೂರೋ ಆ ಐದು ನಿಮಿಷ ನನಗೆ ಇಡೀ ದಿನದಲ್ಲಿ ಅತಿ ಇಷ್ಟದ ಹೊತ್ತು. ಫೈನಲ್ ಇಯರ್ ಹುಡುಗರಿಗೆ ಇದನ್ನ ತೋರಿಸಿದ ದಿನ ಯಾರೂ ಫೋನ್ ತೆಗೆಯಲ್ಲ.

ಕ್ಯಾಲಿಬ್ರೇಶನ್ ಮಾತ್ರ ದಿನಾ ಮಾಡ್ಲೇಬೇಕು. ನಮ್ಮದು ಓಪನ್ ಸರ್ಕ್ಯೂಟ್ ಟನಲ್, ರೂಮಿನ ಗಾಳೀನೇ ಎಳ್ಕೊಳ್ಳತ್ತೆ, ಏಪ್ರಿಲ್ ಮಧ್ಯಾಹ್ನ ಬೆಳಿಗ್ಗೆಗಿಂತ ನಾಲ್ಕೈದು ಡಿಗ್ರಿ ಸೆಕೆ ಜಾಸ್ತಿ, ಒಂದು ಡಿಗ್ರಿಗೆ ಹೆಚ್ಚುಕಮ್ಮಿ 2% ವೇಗ ತಪ್ಪಾಗತ್ತೆ, ಲೆಕ್ಕ ಹಾಕ್ಕೊಳ್ಳಿ. ಬೆಳಿಗ್ಗೆ ಒಂದು ಸಲ ಪಿಟೋ ಟ್ಯೂಬ್ (ಒತ್ತಡದಿಂದ ಗಾಳಿ ವೇಗ ಅಳೆಯೋ ಕೊಳವೆ) ಪಕ್ಕ ಇಟ್ಟು, ಸಂಜೆ ಮತ್ತೊಂದು ಸಲ, ಎರಡೂ ತಾಳೆಯಾದ್ರೆ ಮಾತ್ರ ಆ ದಿನದ ಡೇಟಾ ಇಟ್ಕೋತೀನಿ. ಧೂಳು ಕೂತ್ರೂ ರೀಡಿಂಗ್ ಜಾರತ್ತೆ, ಕಿಟಕಿ ರಸ್ತೆ ಕಡೆ ಇದ್ರೆ ಇನ್‌ಲೆಟ್ಟಿಗೆ ಫಿಲ್ಟರ್ ಹಾಕಿ.

ಇಷ್ಟೆಲ್ಲ ಮಾಡಿ ಬಂದ ಡೇಟಾನ ಸೆಮಿಲಾಗ್ ಗ್ರಾಫಲ್ಲಿ (ದೂರ ಮಾತ್ರ ಲಾಗ್ ಸ್ಕೇಲಲ್ಲಿ) ಹಾಕಿದಾಗ ಗೋಡೆಯಿಂದ 1 ಮಿಮೀಯಿಂದ 4 ಮಿಮೀವರೆಗೆ ಪಾಯಿಂಟುಗಳು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ ಮೇಲೆ ಕೂರ್ತವೆ, ದೂರ ದುಪ್ಪಟ್ಟಾದಾಗಲೆಲ್ಲ ವೇಗ ಮುಕ್ಕಾಲು ಮೀಟರ್ ಏರತ್ತೆ. 1930ರಲ್ಲಿ ಫಾನ್ ಕಾರ್ಮನ್ ಹೇಳಿದ ಲಾಗ್ ನಿಯಮ ನಮ್ಮೂರ ಗಾಳೀಲಿ, ನಮ್ಮ ಪ್ಲೇಟ್ ಮೇಲೆ! ಸಾವಿರ ಸಲ ಬೋರ್ಡ್ ಮೇಲೆ ಬರೆದಿದ್ರೂ ಇದರ ಖುಷಿ ಬೇರೆ. ಇಳಿಜಾರಿಂದ ಫ್ರಿಕ್ಷನ್ ವೆಲಾಸಿಟಿ (ಗೋಡೆ ಮೇಲಿನ ಘರ್ಷಣೆನ ವೇಗದ ರೂಪದಲ್ಲಿ ಹೇಳೋದು) ಸೆಕೆಂಡಿಗೆ 0.45 ಮೀಟರ್ ಆಸುಪಾಸು ಸಿಗತ್ತೆ, ಸುಳ್ಳು ಹೇಳೋ ಕೊನೇ ಪಾಯಿಂಟುಗಳನ್ನ ಕಿತ್ತುಹಾಕಿ ಗೋಡೆಯಿಂದ ಲಾಗ್ ಭಾಗದವರೆಗೆ ಒಂದೇ ಕರ್ವ್ ಕೊಡೋ ಸ್ಪಾಲ್ಡಿಂಗ್ ಫಾರ್ಮುಲಾ ಕೂರಿಸಿದ್ರೆ ಗೋಡೆವರೆಗಿನ ಕರ್ವ್ ಪೂರ್ತಿಯಾಗತ್ತೆ. ಓಪನ್‌ಫೋಮ್ (ಹರಿವನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಸಾಫ್ಟ್‌ವೇರ್) ಮಾಡೋರಿಗೆ ಇದು ನಿಜಕ್ಕೂ ಉಪಯೋಗ: ವಾಲ್ ಫಂಕ್ಷನ್ (ಗೋಡೆ ಪಕ್ಕದ ಭಾಗನ ಸೂತ್ರದಿಂದ ತುಂಬೋದು) ಹಾಕಿ, ಲೆಕ್ಕದ ಜಾಲರಿಯ ಮೊದಲನೇ ಸೆಲ್ಲಿನ ಕೇಂದ್ರ 1 ಮಿಮೀಲಿ ಇಟ್ರೆ ವೈ ಪ್ಲಸ್ 30 ಬರತ್ತೆ, ಅಲ್ಲಿ ಮಾಡೆಲ್ ಕೊಟ್ಟ ವೇಗನ ನೇರವಾಗಿ ಅಳತೆ ಜೊತೆ ಹೋಲಿಸಬಹುದು, ಆ ಜಾಗದಲ್ಲಿ ಪ್ರೋಬ್ ಪಕ್ಕಾ. ಗೋಡೆವರೆಗೂ ಮೆಶ್ (ಜಾಲರಿ) ಮಾಡೋ ಎಸ್‌ಎಸ್‌ಟಿ ಅನ್ನೋ ಟರ್ಬ್ಯುಲೆನ್ಸ್ ಮಾಡೆಲ್ಲಾದ್ರೆ ಮೊದಲನೇ ಸೆಲ್ 0.03 ಮಿಮೀಲಿ ಇರತ್ತೆ, ಅದನ್ನ ಚೆಕ್ ಮಾಡೋಕೆ ಈ ಪ್ರೋಬ್ ನಂಬ್ಬೇಡಿ. ಇನ್ನೊಂದು, ತಂತಿ 1.25 ಮಿಮೀ ಉದ್ದ, ಅದಕ್ಕಿಂತ ಚಿಕ್ಕ ಸುಳಿಗಳನ್ನೆಲ್ಲ ಸರಾಸರಿ ಮಾಡಿಬಿಡತ್ತೆ, ಹಾಗಾಗಿ ಗೋಡೆ ಹತ್ರ ಏರಿಳಿತ ಇರೋದಕ್ಕಿಂತ ಕಮ್ಮಿ ತೋರಿಸತ್ತೆ.

ಬರೀ ಗೋಡೆ ಮೇಲಿನ ಘರ್ಷಣೆ ಬೇಕು ಅನ್ನೋರು ದಯವಿಟ್ಟು ಇದಕ್ಕೆ ದುಡ್ಡು ಸುರೀಬೇಡಿ. ಸತೀಶ್ ಧವನ್ ಅವರು ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದಾಗ ಗೋಡೆಯ ಒಂದು ಸಣ್ಣ ತುಂಡನ್ನೇ ಬಿಡಿಯಾಗಿ ತೇಲಿಸಿ ಅದರ ಮೇಲಿನ ಎಳೆತವನ್ನ ನೇರವಾಗಿ ಅಳೆದಿದ್ರು. ಅಷ್ಟು ಕೈಚಳಕ ಎಲ್ಲರ ಲ್ಯಾಬಲ್ಲೂ ಆಗಲ್ಲ, ಆದ್ರೆ ಪ್ರೆಸ್ಟನ್ ಟ್ಯೂಬ್ (ಗೋಡೆಗೆ ತಾಗಿಸಿಟ್ಟು ಒತ್ತಡದಿಂದ ಘರ್ಷಣೆ ತಿಳಿಯೋ ಕೊಳವೆ) ಆಗತ್ತೆ. ಮೆಡಿಕಲ್ ಶಾಪಿನ 19 ಗೇಜ್ ಇಂಜೆಕ್ಷನ್ ಸೂಜಿ, ತುದಿ ಚಪ್ಪಟೆಯಾಗಿ ಉಜ್ಜಿ ಪ್ಲೇಟಿಗೆ ತಾಗಿಸಿ ಇಡೋದು, ಹಿಂದೆ ಪಿವಿಸಿ ಟ್ಯೂಬ್, ಓರೆ ಮಾನೋಮೀಟರ್, ಒತ್ತಡನ ಘರ್ಷಣೆಗೆ ಬದಲಿಸೋಕೆ ಪಟೇಲ್ ಅವರ 1965ರ ಕ್ಯಾಲಿಬ್ರೇಶನ್. ನೀರಿನ ಮಟ್ಟ ಒಂದೆರಡು ಮಿಮೀ ಅಷ್ಟೇ ಏರತ್ತೆ, ತಾಳ್ಮೆ ಬೇಕು, ಆದ್ರೆ ನಮ್ಮಲ್ಲಿ ಇದರ ಉತ್ತರ ಹಾಟ್ ವೈರಿಂದ ಬಂದಿದ್ದಕ್ಕೆ ಚೆನ್ನಾಗೇ ಕೂಡಿಬಂತು.

ಸರ್ವಿಸ್ ಬಗ್ಗೆ ಒಳ್ಳೆ ಮಾತಿಲ್ಲ. ತುಂಡಾದ ತಂತಿ ವೆಲ್ಡ್ ಮಾಡಿಸೋಕೆ ಹೊರದೇಶಕ್ಕೆ ಕಳಿಸ್ಬೇಕು, ಸೆಮಿಸ್ಟರ್ ಮುಗಿಯೋ ಹೊತ್ತಿಗೆ ವಾಪಸ್ ಬರತ್ತೆ. ವೇಗದ ಪ್ರೊಫೈಲು, ಟರ್ಬ್ಯುಲೆನ್ಸು, ಮಾಡೆಲ್ ಹೋಲಿಕೆ ಮಾಡೋ ಲ್ಯಾಬಾದ್ರೆ ಖಂಡಿತ ತಗೊಳ್ಳಿ, ನಾನಂತೂ ಮತ್ತೆ ಇದನ್ನೇ ತಗೋತೀನಿ, ಆದ್ರೆ ಮೊದಲನೇ ಆರ್ಡರಲ್ಲೇ ಸ್ಪೇರ್ ಪ್ರೋಬ್‌ಗಳನ್ನೂ ಸೇರಿಸಿ ಬಜೆಟ್ ಪಾಸ್ ಮಾಡಿಸ್ಕೊಳ್ಳಿ, ಆಮೇಲೆ ಬಿಡಿಯಾಗಿ ಕೇಳಿದ್ರೆ ಅಕೌಂಟ್ಸ್ ಸೆಕ್ಷನ್ನಲ್ಲಿ ಫೈಲ್ ಅಲ್ಲಾಡಲ್ಲ.