ಅಂಗವಿಕಲರ ಪಿಂಚಣಿ ಮಾಡಿಸಿಕೊಡುತ್ತೇನೆಂದವನು ಅರ್ಜಿಯಲ್ಲಿ ತನ್ನ ಮೊಬೈಲ್ ಸಂಖ್ಯೆ ಹಾಕಿಕೊಂಡಿದ್ದ

ಯುಡಿಐಡಿ ಕಾರ್ಡು (ಅಂಗವಿಕಲತೆಯ ಪ್ರಮಾಣ ಬರೆದಿರುವ ಸರ್ಕಾರಿ ಗುರುತಿನ ಚೀಟಿ), ಅಂಗವಿಕಲರ ಪಿಂಚಣಿ ಎಲ್ಲವನ್ನೂ ಮಾಡಿಸಿಕೊಡುತ್ತೇವೆಂದು ತಾಲ್ಲೂಕು ಕಚೇರಿಯ ಎದುರು ಫಲಕ ಹಾಕಿಕೊಂಡು ಕುಳಿತವರ ಕೈಗೆ ಮನೆಯವರ ಕಾಗದಪತ್ರ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು 7,500 ರೂಪಾಯಿಯನ್ನೂ ಎಂಟು ತಿಂಗಳನ್ನೂ ಕಳೆದುಕೊಂಡಿದ್ದೇವೆ. ಓದು ಬರಹ ಬಲ್ಲ ನಾನೇ ಮುಂದೆ ನಿಂತು ತಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ.

ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೆ ಸಿಕ್ಕಿ ನನ್ನ ತಮ್ಮನ ಬಲಗಾಲನ್ನು ಪಾದಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಬೇಕಾಯಿತು. ಗಾಯ ಮಾಗಿದ ಮೇಲೆ ಪಿಂಚಣಿಗೆ ಅರ್ಜಿ ಹಾಕೋಣವೆಂದು ಹೊರಟಾಗ ಪರಿಚಯದವರೊಬ್ಬರು ಆ ಸಲಹಾ ಕೇಂದ್ರದ ಹೆಸರು ಹೇಳಿದರು. ಒಳಗೆ ಎರಡು ಕಂಪ್ಯೂಟರ್‌ಗಳಿದ್ದವು, ರಸೀದಿ ಪುಸ್ತಕವಿತ್ತು, ಗೋಡೆಯ ಮೇಲೆ ಮೂರು ಚಕ್ರದ ಸ್ಕೂಟರ್ ಪಡೆದವರ ಪಕ್ಕ ಕೇಂದ್ರ ನಡೆಸುವವನು ನಿಂತ ಫೋಟೊಗಳಿದ್ದವು. ನಂಬದಿರಲು ಕಾರಣವೇ ಕಾಣಲಿಲ್ಲ.

ಅವನು ಹೇಳಿದ್ದಿಷ್ಟು: "ನೀವೇ ಹಾಕಿದರೆ ಅಂಗವಿಕಲತೆಯ ಪ್ರಮಾಣ ಶೇ 40ರ ಮೇಲೆ ಕೊಡುವುದಿಲ್ಲ, ಪಿಂಚಣಿ 800 ರೂಪಾಯಿಗೆ ನಿಲ್ಲುತ್ತದೆ. ನನ್ನ ಕಡೆಯಿಂದ ಹೋದರೆ ಶೇ 80 ಬರುತ್ತದೆ, ತಿಂಗಳಿಗೆ 1,400 ರೂಪಾಯಿ ಖಾತೆಗೆ ಬೀಳುತ್ತದೆ. ಪ್ರಮಾಣ ಬರೆಯುವ ವೈದ್ಯರ ಬೋರ್ಡಿನಲ್ಲಿ ನಮ್ಮವರಿದ್ದಾರೆ." ಮುಂಗಡ 5,000 ರೂಪಾಯಿ ಕೊಟ್ಟೆವು. ಬೋರ್ಡಿನಲ್ಲಿ ನಮ್ಮವರಿದ್ದಾರೆ ಎಂಬ ಮಾತಿನ ಅರ್ಥ ನನಗೆ ತಿಳಿಯಲಿಲ್ಲವೆಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ತಿಳಿದೇ ಕೊಟ್ಟೆ. ಆ ತಪ್ಪು ನನ್ನದು.

ಆಮೇಲೆ ಅವನು ತಮ್ಮನಿಗೆ ಲುಂಗಿ ಮೇಲೆತ್ತಿ ಗೋಡೆಗೆ ಒರಗಿ ನಿಲ್ಲಲು ಹೇಳಿದ. ಕತ್ತರಿಸಿದ ಕಾಲು ಕಾಣುವ ಫೋಟೊ ಅಪ್‌ಲೋಡ್ ಮಾಡದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದ. ಕೌಂಟರಿನಲ್ಲಿ ಬೇರೆ ನಾಲ್ಕೈದು ಜನ ಕುಳಿತಿದ್ದರು, ಅವರಲ್ಲಿ ಇಬ್ಬರು ಹೆಂಗಸರು. ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು, ಒಂದು ಕೈಯಲ್ಲಿ ಲುಂಗಿ ಹಿಡಿದು, ಬಾಗಿಲ ಕಡೆಗೆ ಮುಖ ತಿರುಗಿಸಿ ನಿಂತ ತಮ್ಮನನ್ನು ನೋಡುತ್ತ ನಾನು ಸುಮ್ಮನಿದ್ದೆ. ಅವನು ತನ್ನ ಸ್ವಂತ ಮೊಬೈಲಿನಲ್ಲಿ ಮೂರು ಸಲ ಫೋಟೊ ತೆಗೆದ.

ಎರಡು ದಿನದಲ್ಲಿ ವಾಟ್ಸಾಪಿಗೆ ಯುಡಿಐಡಿ ಅರ್ಜಿಯ ನೋಂದಣಿ ಸಂಖ್ಯೆ ಕಳುಹಿಸಿದ. ಕೆಲಸ ಅರ್ಧ ಮುಗಿಯಿತೆಂದು ನಾವು ಸಂತೋಷಪಟ್ಟೆವು. ನಂತರ ಕೇಳಿದಾಗಲೆಲ್ಲ ಒಂದೊಂದು ಉತ್ತರ. ಸರ್ವರ್ ಡೌನ್ ಇದೆ. ಡಾಕ್ಟರು ರಜೆಯಲ್ಲಿದ್ದಾರೆ. ಫೈಲು ಮೇಲೆ ಹೋಗಿದೆ. ಐದನೆಯ ತಿಂಗಳಲ್ಲಿ ಫೈಲು ಮೂವ್ ಮಾಡಲು ಇನ್ನೂ 2,500 ಬೇಕೆಂದ, ಅದನ್ನೂ ಕೊಟ್ಟೆವು. "ನೀವು ಪದೇ ಪದೇ ಫೋನ್ ಮಾಡಿದರೆ ನನ್ನವರಿಗೆ ಬೇಜಾರಾಗುತ್ತದೆ" ಎಂದು ಹೇಳಿದ ಮೇಲೆ ನಾನು ಫೋನ್ ಮಾಡುವುದನ್ನೇ ಕಡಿಮೆ ಮಾಡಿದೆ. ಹಣ ಕೊಟ್ಟವರು ನಾವು, ಹೆದರಿದವರೂ ನಾವೇ.

ಎಂಟನೆಯ ತಿಂಗಳಲ್ಲಿ ತಾಲ್ಲೂಕು ಪಂಚಾಯಿತಿಯಲ್ಲಿ ಕೂರುವ ಪುನರ್ವಸತಿ ಕಾರ್ಯಕರ್ತೆಯ, ಅಂದರೆ ಎಲ್ಲರೂ ಎಂಆರ್‌ಡಬ್ಲ್ಯು ಎನ್ನುವವರ, ಬಳಿಗೆ ಹೋದೆವು. ಅವರು ನೋಂದಣಿ ಸಂಖ್ಯೆ ಹಾಕಿ ನೋಡಿ, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, "ಈ ಮೊಬೈಲ್ ಯಾರದು?" ಎಂದು ಕೇಳಿದರು. ಕೊನೆಯ ನಾಲ್ಕು ಅಂಕಿಗಳು ನಮ್ಮ ಮನೆಯ ಯಾರ ಸಂಖ್ಯೆಯವೂ ಆಗಿರಲಿಲ್ಲ. ನನ್ನ ಫೋನಿನಲ್ಲಿ ಅವನ ಹೆಸರು ತೆಗೆದು ನೋಡಿದೆ. ಅವೇ ನಾಲ್ಕು ಅಂಕಿಗಳು. ತಪಾಸಣೆಗೆ ಬರುವಂತೆ ಆಸ್ಪತ್ರೆಯಿಂದ ಬಂದ ಸಂದೇಶ ಅವನ ಫೋನಿಗೆ ಹೋಗಿತ್ತು, ಅವನು ನಮಗೆ ಹೇಳಿರಲಿಲ್ಲ, ತಪಾಸಣೆಗೆ ಯಾರೂ ಹಾಜರಾಗಲಿಲ್ಲವೆಂದು ಅರ್ಜಿ ತಿರಸ್ಕೃತವಾಗಿ ನಾಲ್ಕು ತಿಂಗಳಾಗಿತ್ತು. ಅಂದರೆ ಎರಡನೆಯ ಸಲ 2,500 ಪಡೆದ ದಿನ ಆ ಅರ್ಜಿ ಬದುಕಿಯೇ ಇರಲಿಲ್ಲ! ಕಾಲಿನ ಫೋಟೊದ ವಿಷಯ ಹೇಳಿದಾಗ ಆ ಕಾರ್ಯಕರ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅರ್ಜಿಗೆ ಬೇಕಾಗಿರುವುದು ಮುಖದ ಪಾಸ್‌ಪೋರ್ಟ್ ಅಳತೆಯ ಫೋಟೊ ಮಾತ್ರ ಎಂದರು.

ಅಲ್ಲಿಂದ ನೇರವಾಗಿ ಅವನ ಅಂಗಡಿಗೆ ಹೋದೆವು. ಅವನ ಮುಖದಲ್ಲಿ ಕೊಂಚವೂ ನಾಚಿಕೆಯಿರಲಿಲ್ಲ. "ನನ್ನ ಫೀಸು ಅರ್ಜಿ ಹಾಕುವುದಕ್ಕೆ, ಸರ್ಟಿಫಿಕೇಟಿಗಲ್ಲ. ರಸೀದಿ ಓದಿ" ಎಂದ. ರಸೀದಿಯಲ್ಲಿ ನಿಜವಾಗಿಯೂ ಸೇವಾ ಶುಲ್ಕ ಎಂದು ಮಾತ್ರ ಬರೆದಿತ್ತು, ಎರಡನೆಯ ಸಲದ ಹಣಕ್ಕೆ ರಸೀದಿಯೇ ಇರಲಿಲ್ಲ. ಸಂದೇಶ ಬಂದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ದಿನಕ್ಕೆ ನೂರು ಮೆಸೇಜ್ ಬರುತ್ತವೆ ಮೇಡಂ, ನಿಮ್ಮದೊಂದೇ ಕೆಲಸವಾ ನನಗೆ?" ಎಂದ. ದೂರು ಕೊಡುತ್ತೇನೆ ಎಂದಾಗ, "ಕೊಡಿ, ಬೋರ್ಡಿಗೆ ಅಂತ ದುಡ್ಡು ಕೊಟ್ಟವರು ನೀವು" ಎಂದ. ಆ ಮಾತು ಕೇಳಿ ನನ್ನ ಬಾಯಿ ಕಟ್ಟಿತು. ಇವರ ಧೈರ್ಯವೆಲ್ಲ ಇದರಲ್ಲೇ ಇದೆ, ನಮ್ಮ ನಾಚಿಕೆಯನ್ನು ಇವರು ಮೊದಲ ದಿನವೇ ಮುಂಗಡವಾಗಿ ಪಡೆದಿರುತ್ತಾರೆ. ಆದರೂ ದೂರು ಕೊಟ್ಟಿದ್ದೇನೆ, ನಾನು ಕೊಟ್ಟ ಹಣದ ವಿಷಯವನ್ನೂ ಅದರಲ್ಲಿ ಮುಚ್ಚಿಡದೆ ಬರೆದಿದ್ದೇನೆ.

ಆ ಕಾರ್ಯಕರ್ತೆಯ ಎದುರೇ ಹೊಸ ಅರ್ಜಿ ಹಾಕಿದೆವು. ಒಂದು ರೂಪಾಯಿ ಶುಲ್ಕವಿಲ್ಲ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಜಿಲ್ಲಾಸ್ಪತ್ರೆಯ ವೈದ್ಯರು ಕಾಲನ್ನು ಅಳೆದು ಶೇ 60 ಎಂದು ಬರೆದರು. ಕಾಲು ಎಲ್ಲಿ ಕತ್ತರಿಸಿದೆ ಎಂಬುದರ ಮೇಲೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಪ್ರಮಾಣ ನಿಗದಿಯಾಗಿದೆ, ಮೊಣಕಾಲು ಉಳಿದಿರುವಾಗ ಶೇ 80 ಬರುವುದೇ ಇಲ್ಲ ಎಂದು ಅವರೇ ವಿವರಿಸಿದರು. ಅಂದರೆ ಮೊದಲ ದಿನದ ಮೊದಲ ಮಾತೇ ಸುಳ್ಳು. ಒಂದು ವೇಳೆ ಅವನು ಹೇಗಾದರೂ ಶೇ 80 ಬರೆಸಿ ತಂದಿದ್ದರೆ ಸಿಕ್ಕಿಬೀಳುತ್ತಿದ್ದವನು ನನ್ನ ತಮ್ಮ. ಅಂಗವಿಕಲರ ಸೌಲಭ್ಯವನ್ನು ಮೋಸದಿಂದ ಪಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.

ದಯವಿಟ್ಟು ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇದೆಯೇ ಎಂದು ಪರದೆಯ ಮೇಲೆ ಕಣ್ಣಾರೆ ನೋಡಿ. ಹಳ್ಳಿಯವರಾದರೆ ಮೊದಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ, ಹತ್ತಿರ ಹೋಗಿ. ಕಾರ್ಡು ಬಂದ ಮೇಲೆ ಪಿಂಚಣಿಗೆ ನಾಡಕಚೇರಿಯಲ್ಲಿ ನೀವೇ ಅರ್ಜಿ ಕೊಡಿ. ಶೇಕಡಾ ಇಷ್ಟು ಮಾಡಿಸುತ್ತೇನೆ ಎಂದು ಯಾರಾದರೂ ಬಾಯಿ ತೆರೆದರೆ ಆ ಕ್ಷಣವೇ ಎದ್ದು ಬನ್ನಿ.

ತಮ್ಮನ ಪಿಂಚಣಿ ಈಗ ಮಂಜೂರಾಗಿದೆ, ತಿಂಗಳಿಗೆ 800 ರೂಪಾಯಿ. ಹೋದ ಎಂಟು ತಿಂಗಳ 6,400 ರೂಪಾಯಿ ಹೋದದ್ದೇ. ಹಣದ ಮಾತನ್ನು ತಮ್ಮ ಎತ್ತುವುದಿಲ್ಲ, ಆ ಫೋಟೊ ಅವನ ಫೋನಿನಲ್ಲಿ ಇನ್ನೂ ಇದೆಯಾ ಅಕ್ಕಾ ಎಂದು ಮಾತ್ರ ಎರಡು ಸಲ ಕೇಳಿದ್ದಾನೆ. ಅಳಿಸಿಹಾಕಿ ಎಂದು ನಾನು ಆ ಮನುಷ್ಯನಿಗೆ ವಾಟ್ಸಾಪ್ ಮಾಡಿ ಹತ್ತು ದಿನವಾಯಿತು. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.